ಪ್ಯಾಚಿನೊಡನೆ ದಾಖಲೆಯನ್ನೂ ಓದುವ ಕ್ರಮ
ವರ್ಚುವಲೈಸೇಷನ್ ತಂತ್ರಾಂಶದ ಪರಿಶೀಲಕರಿಗೆ ಕೆಲವು ಸೂಚನೆಗಳು

ವರ್ಚುವಲೈಸೇಷನ್ ತಂತ್ರಾಂಶಕ್ಕೆ ಬರುವ ಪ್ಯಾಚುಗಳ ಪರಿಶೀಲನೆಗೆ ಹೊಸದಾಗಿ ತೊಡಗಿದವರಿಗೆ ಪದೇ ಪದೇ ಎದುರಾಗುವ ಒಂದು ತೊಡಕುಂಟು. ಹದಿನೈದೋ ಇಪ್ಪತ್ತೋ ಪ್ಯಾಚುಗಳ ಒಂದು ಸರಣಿ ಬರುತ್ತದೆ. ಲಾಕುಗಳನ್ನು ಹಿಡಿದ ಕ್ರಮ ಸರಿಯೆ, ಪಡೆದ ಮೆಮೊರಿಯನ್ನು ಹಿಂದಕ್ಕೆ ಬಿಟ್ಟಿದೆಯೆ, ಎರರ್ ಬಂದಾಗ ಹೊರಬೀಳುವ ದಾರಿ ನೆಟ್ಟಗಿದೆಯೆ ಎಂದು ಸಾಲುಸಾಲನ್ನೂ ಶ್ರದ್ಧೆಯಿಂದ ಶೋಧಿಸುವಷ್ಟರಲ್ಲಿ ಕಣ್ಣೂ ಮನಸ್ಸೂ ದಣಿದುಹೋಗುತ್ತವೆ. ಕಟ್ಟಕಡೆಗೆ ಉಳಿದ, ದಾಖಲೆಯನ್ನು ತಿದ್ದುವ ಪ್ಯಾಚನ್ನು ಕಾಗುಣಿತ ಸರಿಯಿದೆಯೆಂಬಷ್ಟಕ್ಕೇ ಒಪ್ಪಿ ಮುಂದೆ ಸಾಗುತ್ತೇವೆ. ಕೆಲವು ತಿಂಗಳು ಕಳೆದ ಮೇಲೆ ಯಾರೋ ಒಬ್ಬ ನಿರ್ವಾಹಕ, ದಾಖಲೆಯಲ್ಲಿ ಹೇಳಿದಂತೆಯೇ ಮಾಡಿದರೂ ತನ್ನ ವರ್ಚುವಲ್ ಯಂತ್ರ ಏಳಲೊಲ್ಲದು ಎಂದು ದೂರು ಕೊಟ್ಟಾಗ, ತಪ್ಪು ಕೋಡಿನದೋ ಬರಹದ್ದೋ ಎಂಬುದನ್ನು ತೀರ್ಮಾನಿಸಬಲ್ಲ ಆಧಾರವೇ ಉಳಿದಿರುವುದಿಲ್ಲ. ಈ ತೊಡಕನ್ನು ಮೊದಲಿಗೇ ನಿವಾರಿಸಿಕೊಳ್ಳುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ನನ್ನ ಮಾತಿನ ಸಾರ ಇಷ್ಟು: ದಾಖಲೆಯನ್ನು ಸರಣಿಯ ಕೊನೆಗೆ ಓದಬಾರದು, ಮೊದಲು ಓದಬೇಕು, ಪ್ರತಿಯೊಂದು ಬದಲಾವಣೆಯನ್ನೂ ಓದುವವರು ಯಾರೆಂಬುದನ್ನು ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕ ಸ್ಥಳದಲ್ಲಿ, ತಕ್ಕ ಪ್ಯಾಚಿನಲ್ಲಿ ಅದನ್ನು ಇರಿಸಬೇಕು.

ಮೊದಲಿಗೆ ಅಲ್ಪಸ್ವಲ್ಪ ಪೂರ್ವವೃತ್ತಾಂತ. 2003ರಲ್ಲಿ ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಕ್ಯೂಇಎಂಯು, ಅದೇ ಕಾಲದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಹೊರಬಂದ ಕ್ಸೆನ್, 2005ರ ಲಿಬ್‌ವರ್ಟ್, ಮತ್ತು 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ನೆಯ ಆವೃತ್ತಿಯ ಮೂಲಕ ಕರ್ನೆಲ್ಲಿನ ಒಳಹೊಕ್ಕ ಕೆವಿಎಂ, ಈ ನಾಲ್ಕೂ ಮುಕ್ತ ತಂತ್ರಾಂಶಗಳು. ಇವುಗಳ ಕೋಡು, ದಾಖಲೆ, ಪರಿಶೀಲನೆಯ ಮಾತುಕತೆ ಎಲ್ಲವೂ ಸಾರ್ವಜನಿಕ. ಆದುದರಿಂದ ಅಫಜಲಪುರ ತಾಲ್ಲೂಕಿನ ಚೌಡಾಪುರದಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಗೂ, 1958ರಿಂದ ಇಂಜಿನಿಯರಿಂಗ್ ಬೋಧಿಸುತ್ತ ಬಂದಿರುವ ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಓದಿ ಬೆಂಗಳೂರಿಗೆ ಹೋದವನಿಗೂ ಇಲ್ಲಿ ಸಮಾನ ಪ್ರವೇಶವುಂಟು. ಅದರಲ್ಲಿಯೂ ದಾಖಲೆಯ ಪರಿಶೀಲನೆಗೆ ದೊಡ್ಡ ಸರ್ವರ್ ಬೇಕಾಗಿಲ್ಲ. ಸಾಧಾರಣ ಲ್ಯಾಪ್‌ಟಾಪೊಂದು ಸಾಕು. ಕರ್ನೆಲ್ಲಿನ ಪೂರ್ಣ ಇತಿಹಾಸವನ್ನು ಒಮ್ಮೆ ಕಲಬುರಗಿಗೆ ಹೋದಾಗ ಇಳಿಸಿಕೊಂಡರಾಯಿತು; ಆಮೇಲೆ ಹೊಸ ಬದಲಾವಣೆಗಳನ್ನಷ್ಟೇ ತರಿಸಿಕೊಳ್ಳಲು ಊರಿನ ನೆಟ್‌ವರ್ಕ್ ಸಾಕಾಗುತ್ತದೆ.

ದಾಖಲೆಗೆ ಇಷ್ಟು ಮಹತ್ವವೇಕೆ?

ಬೇರೆ ತಂತ್ರಾಂಶಗಳಲ್ಲಿ ದಾಖಲೆ ಬಳಕೆದಾರನ ಅನುಕೂಲಕ್ಕಾಗಿ ಇರುವಂಥದ್ದು; ವರ್ಚುವಲೈಸೇಷನ್ನಿನಲ್ಲಿ ಅದು ಒಡಂಬಡಿಕೆ. ಇಲ್ಲಿ ಒಂದೇ ಕಾರ್ಯವನ್ನು ಮೂರು ನಾಲ್ಕು ಪಕ್ಷಗಳು ಹಂಚಿಕೊಂಡು ನಡೆಸುತ್ತವೆ. ಹೋಸ್ಟಿನ ಕರ್ನೆಲ್ಲಿನಲ್ಲಿ ಕೆವಿಎಂ ಇದೆ. ಅದರ ಮೇಲೆ ಯಂತ್ರದ ಸಾಧನಗಳನ್ನು ಅನುಕರಿಸುವ ಕ್ಯೂಇಎಂಯು ಇದೆ. ಅದನ್ನು ನಡೆಸುವ ಲಿಬ್‌ವರ್ಟ್ ಇದೆ. ಒಳಗೆ ಗೆಸ್ಟ್ ಆಪರೇಟಿಂಗ್ ಸಿಸ್ಟಂ ಇದೆ. ಇವನ್ನು ಬರೆಯುವವರು ಬೇರೆ, ಬಿಡುಗಡೆಯಾಗುವ ಕಾಲ ಬೇರೆ. ಹತ್ತು ವರ್ಷದ ಹಿಂದಿನ ಗೆಸ್ಟ್ ಕರ್ನೆಲ್ ಇಂದಿನ ಹೋಸ್ಟಿನ ಮೇಲೆ ಓಡಬೇಕು. ಓಡುತ್ತಿರುವಾಗಲೇ ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಲೈವ್ ಮೈಗ್ರೇಷನ್ ಮೂಲಕ ಸಾಗಿಹೋಗಬೇಕು. ಕೆವಿಎಂನ ಎಪಿಐ ಲಿನಕ್ಸ್ 2.6.22ರಿಂದ ಸ್ಥಿರವಾಯಿತು, ಆವೃತ್ತಿಯ ಸಂಖ್ಯೆಯನ್ನು ಕೇಳಿದರೆ ಅದು ಯಾವಾಗಲೂ 12 ಎಂದೇ ಉತ್ತರಿಸುತ್ತದೆ, ಬೇರೆ ಉತ್ತರ ಬಂದರೆ ಪ್ರೋಗ್ರಾಮು ಓಡಲು ನಿರಾಕರಿಸತಕ್ಕದ್ದು ಎಂದು ದಾಖಲೆಯೇ ವಿಧಿಸುತ್ತದೆ. ಅಂದಮೇಲೆ ಆವೃತ್ತಿಯ ಸಂಖ್ಯೆಯಿಂದ ತಿಳಿಯತಕ್ಕದ್ದು ಏನೂ ಇಲ್ಲ. ಅಂದಿನಿಂದ ಬಂದ ಸಮಸ್ತ ವೃದ್ಧಿಯೂ ಕೇಪಬಿಲಿಟಿ ಎಂಬ ಪ್ರತ್ಯೇಕ ಗುರುತುಗಳ ಮೂಲಕವೇ ಆಗಿದೆ. ಆ ಗುರುತಿನ ಅರ್ಥವನ್ನು ಎಲ್ಲಿಯೂ ಬರೆದಿಡದಿದ್ದರೆ, ಕೋಡು ಅಂದು ಅಕಸ್ಮಾತ್ತಾಗಿ ಹೇಗೆ ನಡೆದುಕೊಂಡಿತೋ ಅದೇ ಮುಂದೆ ಒಡಂಬಡಿಕೆಯಾಗಿ ಗಟ್ಟಿಗೊಳ್ಳುತ್ತದೆ.

ನಮ್ಮ ಕಡೆಯ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಲದ ಖರೀದಿ ನೋಂದಣಿಯಾಗಿ, ಹಣ ಕೈಬದಲಾಗಿ, ಕೊಂಡವನು ತೊಗರಿ ಬಿತ್ತಿಯೂ ಆಗಿರಬಹುದು. ಆದರೆ ಮ್ಯುಟೇಷನ್ ಆಗಿ ಪಹಣಿಯಲ್ಲಿ ಹೆಸರು ಏರದಿದ್ದಲ್ಲಿ ಬ್ಯಾಂಕಿನವರಿಗೂ ಪರಿಹಾರ ಕೊಡುವ ಕಚೇರಿಗೂ ಅವನು ಆ ಹೊಲದ ಒಡೆಯನಲ್ಲ. ಕೋಡು ಸೇರಿ ದಾಖಲೆ ಸೇರದ ಪ್ಯಾಚಿನ ಸ್ಥಿತಿಯೂ ಹಾಗೆಯೇ.

ಬೆಂಗಳೂರಿನಿಂದ ಬಂದ ಒಂದು ಉದಾಹರಣೆ

ಈ ಕೆಲಸ ಹೇಗೆ ನಡೆಯಬೇಕೆಂಬುದಕ್ಕೆ ಕರ್ನಾಟಕದಿಂದಲೇ ಹೊರಟ ಒಂದು ಪ್ಯಾಚ್ ಸರಣಿಯನ್ನು ನೋಡುವುದು ಉಚಿತ. ಅನೇಕ ವಿಸಿಪಿಯುಗಳುಳ್ಳ ಗೆಸ್ಟಿನಲ್ಲಿ ಒಂದು ವಿಸಿಪಿಯು ಸ್ಪಿನ್‌ಲಾಕಿಗಾಗಿ ಕಾಯುತ್ತ ಸುಮ್ಮನೆ ಸುತ್ತುತ್ತಿರುವಾಗ, ಆ ಲಾಕನ್ನು ಹಿಡಿದಿರುವ ವಿಸಿಪಿಯುವನ್ನೇ ಹೋಸ್ಟು ಬದಿಗೆ ಸರಿಸಿರಬಹುದು. ಆಗ ಕಾಯುವಿಕೆ ಕೇವಲ ವ್ಯರ್ಥ. ಇದಕ್ಕೆ ಪರಿಹಾರವಾಗಿ ಪ್ಯಾರಾವರ್ಚುವಲ್ ಟಿಕೆಟ್ ಸ್ಪಿನ್‌ಲಾಕನ್ನು ಕೆವಿಎಂಗೆ ತಂದ ಸರಣಿಯನ್ನು ಬೆಂಗಳೂರಿನ ಐಬಿಎಂ ಇಂಜಿನಿಯರುಗಳಾದ ರಾಘವೇಂದ್ರ ಕೆ.ಟಿ., ಶ್ರೀವತ್ಸ ವಡ್ಡಗಿರಿ ಮೊದಲಾದವರು ಮುನ್ನಡೆಸಿದರು; ಅನೇಕ ಪರಿಷ್ಕರಣಗಳನ್ನು ದಾಟಿ ಅದು 2013ರ ಲಿನಕ್ಸ್ 3.12ರಲ್ಲಿ ಸೇರಿತು.

ಆ ಸರಣಿಯಲ್ಲಿ ದಾಖಲೆಗೆಂದೇ ಪ್ರತ್ಯೇಕ ಪ್ಯಾಚು ಒಂದಿತ್ತು. ಅದು ಒಂದಲ್ಲ, ಎರಡು ಕಡತಗಳನ್ನು ತಿದ್ದಿತು: ಸಿಪಿಯುಐಡಿ ಕುರಿತ ಕಡತದಲ್ಲಿ, ಪಿವಿ ಅನ್‌ಹಾಲ್ಟ್ ಎಂಬ ಏಳನೆಯ ಬಿಟ್ಟನ್ನು ನೋಡಿ ಗೆಸ್ಟು ಈ ಸೌಲಭ್ಯವಿದೆಯೆ ಎಂದು ತಿಳಿಯಬೇಕೆಂಬುದನ್ನೂ, ಹೈಪರ್‌ಕಾಲ್‌ಗಳ ಕಡತದಲ್ಲಿ, ಕಿಕ್ ಸಿಪಿಯು ಎಂಬ ಕರೆಯಿಂದ ನಿದ್ರಿಸಿರುವ ವಿಸಿಪಿಯುವನ್ನು ಎಬ್ಬಿಸುವ ಬಗೆಯನ್ನೂ ಬರೆಯಲಾಯಿತು. ಇದೆಯೆ ಎಂದು ಪತ್ತೆಹಚ್ಚುವವನಿಗೆ ಒಂದು ಸ್ಥಳ, ಬಳಸುವವನಿಗೆ ಇನ್ನೊಂದು. ಆ ಕರೆಯ ವಿವರಣೆ ಅಲ್ಪಕಾಲ ಸುತ್ತಿದ ಮೇಲೆ ಎಚ್‌ಎಲ್‌ಟಿ ಆದೇಶದಿಂದ ಮಲಗುವುದು, ಹೋಸ್ಟು ಅದನ್ನು ನಿದ್ರೆಯಲ್ಲಿಡುವುದು, ಇನ್ನೊಂದು ವಿಸಿಪಿಯು ಎಪಿಐಸಿ ಗುರುತನ್ನು ಕೊಟ್ಟು ಎಬ್ಬಿಸುವುದು ಎಂಬ ಕ್ರಮದಲ್ಲಿ, ಕೋಡನ್ನು ಎಂದೂ ನೋಡದವನಿಗೂ ತಿಳಿಯುವಂತೆ ಸಾಗುತ್ತದೆ. ಆ ವಿವರಣೆಯನ್ನು ಶ್ರೀವತ್ಸರು ತಿದ್ದಿ ಬರೆದುಕೊಟ್ಟರೆಂದು ಕಮಿಟ್ ಸಂದೇಶವೇ ಕೃತಜ್ಞತೆಯಿಂದ ಹೇಳುತ್ತದೆ. ಕೋಡನ್ನು ಬರೆದವನ ಬರಹವನ್ನು ಇನ್ನೊಬ್ಬನು ತಿದ್ದುವುದೂ, ಆ ಶ್ರಮಕ್ಕೆ ಹೆಸರು ಸಲ್ಲುವುದೂ ಅನುಕರಣೀಯವಾದ ಪದ್ಧತಿ.

ಅದೇ ವಿವರಣೆಯಲ್ಲಿ, ಎ0 ಎಂಬ ಇನ್ನೊಂದು ಆರ್ಗ್ಯುಮೆಂಟನ್ನು ಮುಂದಿನ ಬಳಕೆಗಾಗಿ ಇಟ್ಟಿದೆಯೆಂಬ ಮಾತೂ ಬರುತ್ತದೆ. ಇಂಥ ವಾಕ್ಯ ಇಂದು ನಿಮ್ಮ ಮುಂದೆ ಬಂದರೆ ಅಲ್ಲಿ ನಿಲ್ಲಬೇಕು. ಸದ್ಯಕ್ಕೆ ಅದರಲ್ಲಿ ಸೊನ್ನೆಯನ್ನೇ ಕೊಡಬೇಕೆ? ಸೊನ್ನೆಯಲ್ಲದ್ದನ್ನು ಕೊಟ್ಟರೆ ಹೋಸ್ಟು ತಿರಸ್ಕರಿಸುತ್ತದೆಯೆ? ತಿರಸ್ಕರಿಸದಿದ್ದರೆ ಯಾವುದೋ ಒಂದು ಗೆಸ್ಟು ಅದರಲ್ಲಿ ಕಸವನ್ನು ತುಂಬಿ ಕಳುಹಿಸುತ್ತಿರಬಹುದು; ಮುಂದೆ ಆ ಸ್ಥಳಕ್ಕೆ ಅರ್ಥ ಕೊಡಲು ಹೊರಟಾಗ ಆ ಹಳೆಯ ಗೆಸ್ಟು ಮುರಿದುಬೀಳುತ್ತದೆ. ದಾಖಲೆಯ ಒಂದು ವಾಕ್ಯವನ್ನು ಪ್ರಶ್ನಿಸಿ ಕೋಡಿನ ಕೊರತೆಯನ್ನು ಕಂಡುಹಿಡಿಯುವ ಬಗೆ ಇದು.

ಪರಿಶೀಲನೆಯ ಕ್ರಮ

1. ದಾಖಲೆಯನ್ನೇ ಮೊದಲು ಓದಿರಿ. ಸರಣಿಯ ಮುಖಪತ್ರವನ್ನು ಓದಿದ ಕೂಡಲೆ ದಾಖಲೆಯ ಪ್ಯಾಚಿಗೆ ಹೋಗಿ, ಈ ಸೌಲಭ್ಯ ಹೇಗೆ ನಡೆದುಕೊಳ್ಳಬೇಕೆಂದು ನಿಮಗೆ ತಿಳಿಯಿತೋ ಅದನ್ನು ನಾಲ್ಕು ಸಾಲುಗಳಲ್ಲಿ ಗುರುತುಹಾಕಿಕೊಂಡು, ಆಮೇಲೆ ಕೋಡನ್ನು ತೆರೆಯಿರಿ. ಕೋಡನ್ನು ಮೊದಲು ಓದಿದವನ ಮನಸ್ಸು ಬರಹದಲ್ಲಿರುವ ಬಿರುಕುಗಳನ್ನು ತಾನಾಗಿಯೇ ತುಂಬಿಕೊಳ್ಳುತ್ತದೆ. ಓದುಗನಿಗೆ ಆ ಅನುಕೂಲವಿಲ್ಲ.

2. ಓದುವವರು ಯಾರೆಂದು ವಿಂಗಡಿಸಿರಿ. ಕೆವಿಎಂನಲ್ಲಿ ಯೂಸರ್‌ಸ್ಪೇಸ್ ಪ್ರೋಗ್ರಾಮು ಬರೆಯುವವನಿಗೆ ಎಪಿಐ ಕಡತ, ಗೆಸ್ಟ್ ಬರೆಯುವವನಿಗೆ ಹೈಪರ್‌ಕಾಲ್, ಸಿಪಿಯುಐಡಿ ಮತ್ತು ಎಂಎಸ್‌ಆರ್ ಕಡತಗಳು, ಹೋಸ್ಟಿನ ನಿರ್ವಾಹಕನಿಗೆ ಕರ್ನೆಲ್ ಪ್ಯಾರಾಮೀಟರುಗಳ ಪಟ್ಟಿ. ಕ್ಯೂಇಎಂಯುವಿನಲ್ಲಿ ಕಮಾಂಡ್ ಲೈನಿನ ಆಯ್ಕೆಗೆ ಕೋಡಿನ ಕೋಷ್ಟಕವೂ ಕೈಪಿಡಿಯ ಬರಹವೂ ಒಂದೇ ಎಚ್‌ಎಕ್ಸ್ ಕಡತದಲ್ಲಿ ಒಟ್ಟಿಗೇ ಇರುತ್ತವೆ. ಕ್ಯೂಎಂಪಿ ಕಮಾಂಡುಗಳಿಗೆ ಕ್ಯೂಎಪಿಐ ಸ್ಕೀಮಾದೊಳಗಿನ ಟಿಪ್ಪಣಿಯೇ ಕೈಪಿಡಿಯಾಗುತ್ತದೆ. ಲಿಬ್‌ವರ್ಟಿನಲ್ಲಿ ಎಕ್ಸ್‌ಎಂಎಲ್ ಸ್ವರೂಪವನ್ನು ವಿವರಿಸುವ ಪುಟ ಮುಖ್ಯ. ಕ್ಸೆನ್‌ನಲ್ಲಿ ಕಮಾಂಡ್ ಲೈನ್ ದಾಖಲೆಯ ಜೊತೆಗೆ ಸಪೋರ್ಟ್ ಎಂಬ ಕಡತವೊಂದುಂಟು. ಒಂದು ಸೌಲಭ್ಯಕ್ಕೆ ಪೂರ್ಣ ಬೆಂಬಲವಿದೆಯೆ, ಅದಿನ್ನೂ ಪ್ರಾಯೋಗಿಕವೆ, ಭದ್ರತೆಯ ದೋಷ ಕಂಡರೆ ಪ್ರಕಟಣೆ ಹೊರಡುತ್ತದೆಯೆ ಎಂಬುದನ್ನು ನಿರ್ಣಯಿಸುವ ಸ್ಥಳ ಅದು. ಅದನ್ನು ಮರೆತವರು ಬಹುಮಂದಿ. ಒಂದೇ ಬದಲಾವಣೆಗೆ ಇಬ್ಬರು ಓದುಗರಿದ್ದರೆ ಎರಡು ಕಡೆ ಬರೆಯಬೇಕು; ಆದರೆ ನಿಯಮವನ್ನು ಒಂದೇ ಕಡೆ ಇಟ್ಟು, ಇನ್ನೊಂದರಿಂದ ಅಲ್ಲಿಗೆ ಬೆರಳು ತೋರಿಸಬೇಕು. ಒಂದೇ ನಿಯಮದ ಎರಡು ಪ್ರತಿಗಳು ಬಹುಕಾಲ ಒಂದೇ ಮಾತಾಡುವುದಿಲ್ಲ.

3. ಯಾವ ಪ್ಯಾಚಿನಲ್ಲಿ ಎಂಬುದನ್ನು ನಿಶ್ಚಯಿಸಿರಿ. ಒಡಂಬಡಿಕೆಯ ಸ್ವರೂಪದ ದಾಖಲೆ, ಅಂದರೆ ಕರೆ, ಆಯ್ಕೆ, ಎಕ್ಸ್‌ಎಂಎಲ್ ಅಂಶ ಮುಂತಾದವುಗಳ ವಿವರಣೆ, ಆ ಕೋಡು ಸೇರುವ ಪ್ಯಾಚಿನಲ್ಲಿಯೇ ಇಲ್ಲವೆ ಅದೇ ಸರಣಿಯಲ್ಲಿ ಬರತಕ್ಕದ್ದು; ಆಮೇಲೆ ಕಳುಹಿಸುತ್ತೇವೆಂಬ ಮಾತಿಗೆ ಒಪ್ಪಬಾರದು. ಕೆವಿಎಂನ ಪರಿಶೀಲನಾಪಟ್ಟಿಯೇ ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ: ಯೂಸರ್‌ಸ್ಪೇಸಿಗೆ ಕಾಣುವ ಹೊಸ ಎಪಿಐ ದಾಖಲಾಗಿರಬೇಕು, ಚೆಕ್ ಎಕ್ಸ್‌ಟೆನ್ಷನ್ ಮೂಲಕ ಪತ್ತೆಹಚ್ಚಲು ಬರುವಂತಿರಬೇಕು. ಬಿಡುಗಡೆ ಟಿಪ್ಪಣಿಯ ನ್ಯಾಯ ಮಾತ್ರ ಇದಕ್ಕೆ ವಿರುದ್ಧ. ಲಿಬ್‌ವರ್ಟಿನವರು ನ್ಯೂಸ್ ಕಡತದ ತಿದ್ದುಪಡಿಯನ್ನು ಯಾವಾಗಲೂ ಪ್ರತ್ಯೇಕ ಕಮಿಟ್ಟಿನಲ್ಲಿಡಲು ಹೇಳುತ್ತಾರೆ. ಕಾರಣ ಸರಳ: ಆ ಕಡತದ ತುದಿಯನ್ನು ಪ್ರತಿಯೊಬ್ಬನೂ ತಿದ್ದುತ್ತಾನೆ, ಕೋಡಿನ ಜೊತೆ ಅದು ಅಂಟಿಕೊಂಡಿದ್ದರೆ, ಒಂದು ತಿದ್ದುಪಡಿಯನ್ನು ಹಳೆಯ ಆವೃತ್ತಿಗೆ ಬ್ಯಾಕ್‌ಪೋರ್ಟ್ ಮಾಡುವವನಿಗೆ ಕೋಡಿನಲ್ಲಿ ತೊಡಕಿಲ್ಲದಿದ್ದರೂ ಟಿಪ್ಪಣಿಯಲ್ಲಿ ಪ್ರತಿಸಲವೂ ಘರ್ಷಣೆ ಬರುತ್ತದೆ. ಬಳಕೆದಾರನಿಗೆ ಕಾಣದ ಒಳಗಿನ ಮರುಜೋಡಣೆಗೆ ಅಲ್ಲಿ ಸ್ಥಾನವೇ ಇಲ್ಲ.

4. ವಿವರಣೆಯನ್ನು ಪ್ರಶ್ನೆಗಳಿಗೆ ಒಡ್ಡಿರಿ. ಕೆವಿಎಂನ ಎಪಿಐ ಕಡತದಲ್ಲಿ ಪ್ರತಿ ಕರೆಗೂ ಕೇಪಬಿಲಿಟಿ, ಆರ್ಕಿಟೆಕ್ಚರ್, ಬಗೆ, ಪ್ಯಾರಾಮೀಟರು, ಹಿಂದಿರುಗಿಸುವ ಬೆಲೆ ಎಂಬ ಐದು ಶೀರ್ಷಿಕೆಗಳಿವೆ. ಅವು ಭರ್ತಿಯಾಗಿವೆಯೆಂದು ನೋಡಿದರೆ ಕೆಲಸ ಮುಗಿಯಲಿಲ್ಲ. ವಿಸಿಪಿಯು ಒಮ್ಮೆ ಓಡಿದ ಮೇಲೂ ಈ ಕರೆಯನ್ನು ಮಾಡಬಹುದೆ? ಎರಡು ಸಲ ಮಾಡಿದರೆ ಏನಾಗುತ್ತದೆ? ಯಂತ್ರವನ್ನು ರೀಸೆಟ್ ಮಾಡಿದಾಗ ಈ ಸ್ಥಿತಿ ಉಳಿಯುತ್ತದೆಯೆ ಅಳಿಯುತ್ತದೆಯೆ? ಮೈಗ್ರೇಷನ್ ಹೊತ್ತಿನಲ್ಲಿ ಇದನ್ನು ಉಳಿಸಿ ಮತ್ತೆ ತುಂಬುವ ಬಗೆಯೇನು? ಯಾರೂ ಕೇಳದೆಯೇ ಈ ಸೌಲಭ್ಯ ತಾನಾಗಿ ಜಾರಿಗೆ ಬರುತ್ತದೆಯೆ? ಬರಬಾರದೆಂಬುದು ಕೆವಿಎಂ ಪಟ್ಟಿಯ ಇನ್ನೊಂದು ವಿಧಿ. ಎರರ್ ಕೋಡುಗಳ ವಿಷಯದಲ್ಲಿ, ಇದು ಸೋಲಬಹುದು ಎಂಬ ಮಾತು ನಿರುಪಯುಕ್ತ. ಯಾವ ಕಾರಣಕ್ಕೆ ಯಾವ ಕೋಡು ಎಂಬುದನ್ನು ಒಂದೊಂದಾಗಿ ಬರೆಯಿಸಿರಿ. ಮೈಗ್ರೇಷನ್ನಿನ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರವೇ ಸಿದ್ಧವಾಗಿರುವುದಿಲ್ಲ. ಸರಣಿಯ ಮುಂದಿನ ಪರಿಷ್ಕರಣದಲ್ಲಿ ಹೊಸದೊಂದು ಕೋಡು ಪ್ಯಾಚು ಹುಟ್ಟುವುದು ಹೆಚ್ಚಾಗಿ ಈ ಪ್ರಶ್ನೆಯಿಂದಲೇ.

5. ಆವೃತ್ತಿಯ ಗುರುತುಗಳನ್ನು ಮರಳಿ ಮರಳಿ ನೋಡಿರಿ. ಕ್ಯೂಎಪಿಐನಲ್ಲಿ, ಲಿಬ್‌ವರ್ಟಿನಲ್ಲಿ, ಈ ಸೌಲಭ್ಯ ಯಾವ ಆವೃತ್ತಿಯಿಂದ ಎಂದು ತಿಳಿಸುವ ಸಿನ್ಸ್ ಎಂಬ ಗುರುತು ಇರುತ್ತದೆ. ಲೇಖಕನು ಮೊದಲ ಸಲ ಕಳುಹಿಸಿದಾಗ 8.2 ಎಂದು ಬರೆದದ್ದು ಸರಿಯಾಗಿಯೇ ಇತ್ತು. ಪರಿಷ್ಕರಣಗಳ ನಡುವೆ ಆ ಬಿಡುಗಡೆ ಕಳೆದುಹೋಗಿ ಪ್ಯಾಚು 9.0ಗೆ ಸೇರುವ ಹೊತ್ತಿಗೆ ಆ ಸಂಖ್ಯೆ ಸುಳ್ಳಾಯಿತು. ಕ್ಯೂಇಎಂಯು ವರ್ಷಕ್ಕೆ ಮೂರು ಸಲ ಬಿಡುಗಡೆಯಾಗುವುದರಿಂದ ಇದು ಅಪರೂಪವಲ್ಲ. ಕೆವಿಎಂನ ಎಪಿಐ ಕಡತದಲ್ಲಿ ವಿಭಾಗದ ಸಂಖ್ಯೆಗಳೂ ಹೀಗೆಯೇ: ಏಕಕಾಲಕ್ಕೆ ಬಂದ ಎರಡು ಸರಣಿಗಳು ಒಂದೇ ಸಂಖ್ಯೆಯನ್ನು ಹಿಡಿದಿರುತ್ತವೆ, ಮೇಂಟೇನರು ಸೇರಿಸುವಾಗ ಒಂದನ್ನು ಬದಲಿಸುತ್ತಾನೆ. ಆದಕಾರಣ ಕಮಿಟ್ ಸಂದೇಶದಲ್ಲಾಗಲಿ ಬೇರೆ ದಾಖಲೆಯಲ್ಲಾಗಲಿ ವಿಭಾಗದ ಸಂಖ್ಯೆಯಿಂದ ನಿರ್ದೇಶಿಸದೆ ಕರೆಯ ಹೆಸರಿನಿಂದಲೇ ನಿರ್ದೇಶಿಸುವುದು ಕ್ಷೇಮಕರ.

6. ಕಟ್ಟಿ ನೋಡಿರಿ. ಕಚ್ಚಾ ಬರಹದಲ್ಲಿ ಕೋಷ್ಟಕ ಸರಿಯಾಗಿ ಕಂಡರೂ ಸ್ಫಿಂಕ್ಸ್ ಅದನ್ನು ಪುಟವಾಗಿಸಿದಾಗ ಮುರಿದಿರಬಹುದು. ಕರ್ನೆಲ್ಲಿನ ಇಡೀ ದಾಖಲೆಯನ್ನು ಕಟ್ಟುವುದಕ್ಕೆ ಬಹಳ ಹೊತ್ತು ಬೇಕು. ಎಚ್‌ಟಿಎಂಎಲ್‌ಡಾಕ್ಸ್ ಆದೇಶಕ್ಕೆ ಸ್ಫಿಂಕ್ಸ್‌ಡಿರ್ಸ್ ಎಂಬ ಚರಾಂಶದಲ್ಲಿ ವರ್ಟ್ ಎಂಬ ಡೈರೆಕ್ಟರಿಯನ್ನಷ್ಟೇ ಕೊಟ್ಟರೆ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಬೇಗನೆ ಮುಗಿಯುತ್ತದೆ. ಕ್ಯೂಇಎಂಯುವನ್ನು ಕಾನ್ಫಿಗರ್ ಮಾಡುವಾಗ ದಾಖಲೆ ಬೇಕೇಬೇಕೆಂಬ ಆಯ್ಕೆಯನ್ನು ಕೊಡಿರಿ. ಇಲ್ಲವಾದರೆ ಸ್ಫಿಂಕ್ಸ್ ಇಲ್ಲದ ಯಂತ್ರದಲ್ಲಿ ಅದು ಸದ್ದಿಲ್ಲದೆ ದಾಖಲೆಯನ್ನು ಬಿಟ್ಟು ಮುಂದೆ ಹೋಗುತ್ತದೆ, ನೀವು ಎಲ್ಲವೂ ಸರಿಯಿದೆಯೆಂದು ಭಾವಿಸುತ್ತೀರಿ.

ದಾಖಲೆಯೂ ಕೋಡೂ ಬೇರೆ ಬೇರೆ ಹೇಳಿದಾಗ

ಎಲ್ಲಕ್ಕಿಂತ ಕಠಿನವಾದ ಸಂದರ್ಭ ಇದೇ. ದಾಖಲೆ ಒಂದು ಎರರ್ ಕೋಡನ್ನು ಹೇಳುತ್ತದೆ, ಕೋಡು ಇನ್ನೊಂದನ್ನು ಹಿಂದಿರುಗಿಸುತ್ತದೆ. ಯಾರೋ ಒಬ್ಬನು ಕೋಡನ್ನು ದಾಖಲೆಗೆ ಹೊಂದಿಸುವ ಪ್ಯಾಚನ್ನು ಕಳುಹಿಸುತ್ತಾನೆ. ನೋಡುವುದಕ್ಕೆ ಅದು ನಿರಪಾಯಕರವಾದ ಒಂದೇ ಸಾಲು. ಆದರೆ ಕೆವಿಎಂ ಅನ್ನು ಬಳಸುವುದು ಕ್ಯೂಇಎಂಯು ಒಂದೇ ಅಲ್ಲ. ಅಮೆಜಾನಿನ ಫೈರ್‌ಕ್ರ್ಯಾಕರ್ ಇದೆ, ಗೂಗಲ್ಲಿನ ಕ್ರಾಸ್‌ವಿಎಂ ಇದೆ, ಕ್ಲೌಡ್ ಹೈಪರ್‌ವೈಸರ್ ಇದೆ, ಹೊರಗಿನವರು ಕಾಣದ ಖಾಸಗಿ ಪ್ರೋಗ್ರಾಮುಗಳಿವೆ. ಅವುಗಳಲ್ಲಿ ಯಾವುದಾದರೊಂದು ಈಗಿನ ಎರರ್ ಕೋಡನ್ನೇ ನೋಡಿ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುತ್ತಿದ್ದರೆ, ಈ ಒಂದು ಸಾಲಿನ ತಿದ್ದುಪಡಿಯಿಂದ ಅದು ಕೆಡುತ್ತದೆ. ಓಡುತ್ತಿರುವ ಯೂಸರ್‌ಸ್ಪೇಸನ್ನು ಕೆಡಿಸಬಾರದೆಂಬುದು ಕರ್ನೆಲ್ಲಿನ ಅತಿ ಹಳೆಯ ನಿಯಮ.

ಆದುದರಿಂದ ಮೊದಲು ಗಿಟ್ ಇತಿಹಾಸದಲ್ಲಿ ಆ ನಡವಳಿಕೆ ಎಂದಿನಿಂದ ಹೀಗಿದೆಯೆಂದು ನೋಡಿರಿ. ಮೊದಲಿನಿಂದಲೂ ಕೋಡು ಹೀಗೆಯೇ ಇದ್ದು ಬಿಡುಗಡೆಗಳನ್ನು ದಾಟಿ ಬಂದಿದ್ದರೆ ದಾಖಲೆಯನ್ನೇ ತಿದ್ದಬೇಕು, ಅದು ಅಂದವಾಗಿಲ್ಲದಿದ್ದರೂ ಸರಿಯೆ. ನಡುವೆ ಒಂದು ಪ್ಯಾಚಿನಿಂದ ಇತ್ತೀಚೆಗೆ ಬದಲಾಗಿದ್ದರೆ ಅದು ರಿಗ್ರೆಷನ್. ಕೋಡನ್ನು ತಿದ್ದಿ, ಫಿಕ್ಸಸ್ ಗುರುತು ಹಾಕಿಸಿ, ಸ್ಟೇಬಲ್ ಆವೃತ್ತಿಗಳಿಗೂ ಕಳುಹಿಸಬೇಕು. ಇವೆರಡನ್ನೂ ವಿಂಗಡಿಸದೆ ಕೊಟ್ಟ ಒಪ್ಪಿಗೆ ಪರಿಶೀಲನೆಯಲ್ಲ. ನನ್ನ ಅಭಿಪ್ರಾಯದಲ್ಲಿ, ದಾಖಲೆಯ ಪರಿಶೀಲಕನಿಗೆ ಕೋಡಿನ ಪರಿಶೀಲಕನಷ್ಟೇ ಜ್ಞಾನ ಬೇಕಾಗುವುದು ಇಲ್ಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೌಲಭ್ಯವನ್ನು ತೆಗೆದುಹಾಕುವ ಪ್ಯಾಚಿಗೆ ದಾಖಲೆ ಬೇಡವೆಂದು ತಿಳಿಯುವುದು ಮೊದಲನೆಯದು. ಕ್ಯೂಇಎಂಯುವಿನಲ್ಲಿ ಒಂದನ್ನು ತೆಗೆಯಬೇಕಾದರೆ ಅದನ್ನು ಮೊದಲು ಡೆಪ್ರಿಕೇಟೆಡ್ ಪಟ್ಟಿಗೆ ಸೇರಿಸಬೇಕು, ಸೇರಿಸಿದ ಬಿಡುಗಡೆಯಲ್ಲಿಯೂ ಅದರ ಮುಂದಿನ ಬಿಡುಗಡೆಯಲ್ಲಿಯೂ ಅದು ಕೆಲಸ ಮಾಡುತ್ತಲೇ ಇರುತ್ತದೆ, ಆಮೇಲಷ್ಟೇ ತೆಗೆಯಬಹುದು. ತೆಗೆಯುವ ಪ್ಯಾಚು ಆ ನಮೂದನ್ನು ಅಳಿಸಿದರೆ ಸಾಲದು, ತೆಗೆದುಹಾಕಿದ ಸೌಲಭ್ಯಗಳ ಪುಟಕ್ಕೆ ಸಾಗಿಸಿ, ಬದಲಿಗೆ ಏನನ್ನು ಬಳಸಬೇಕೆಂಬುದನ್ನೂ ಹೇಳಬೇಕು.

ಎರಡನೆಯದು, ಕಡತದ ಹೆಸರನ್ನು ಬದಲಿಸುವುದನ್ನೂ ಒಳಗಿನ ವಿಷಯವನ್ನು ತಿದ್ದುವುದನ್ನೂ ಒಂದೇ ಪ್ಯಾಚಿನಲ್ಲಿ ಮಾಡುವುದು. ಆಗ ಏನು ಬದಲಾಯಿತೆಂಬುದು ಯಾರ ಕಣ್ಣಿಗೂ ಬೀಳದು. ಸಾಲುಗಳ ಅಗಲವನ್ನು ಸರಿಪಡಿಸುವ ನೆಪದಲ್ಲಿ ಒಂದು ನಿಯಮ ಬದಲಾಗಿಹೋಗುವುದೂ ಹೀಗೆಯೇ. ಎರಡು ಪ್ಯಾಚುಗಳಾಗಿ ಒಡೆಯಲು ಸಂಕೋಚವಿಲ್ಲದೆ ಕೇಳಿರಿ.

ಮೂರನೆಯದು ಹಳೆಯ ನಿರ್ದೇಶಗಳು. ಕರ್ನೆಲ್ಲಿನಲ್ಲಿ ವರ್ಚುವಲ್ ಎಂದಿದ್ದ ಡೈರೆಕ್ಟರಿ 2019ರಲ್ಲಿ ವರ್ಟ್ ಎಂದಾಯಿತು, ಮರುವರ್ಷ ಎಪಿಐ ಕಡತ ಸಾದಾ ಬರಹದಿಂದ ಆರ್‌ಎಸ್‌ಟಿ ಸ್ವರೂಪಕ್ಕೆ ಬಂದಿತು. ಹಳೆಯ ಟಿಪ್ಪಣಿಯನ್ನು ನಕಲು ಮಾಡಿದವರ ಪ್ಯಾಚುಗಳಲ್ಲಿ ಇಲ್ಲದ ಕಡತದ ಹೆಸರು ಸುಲಭವಾಗಿ ನುಸುಳುತ್ತದೆ. ಇದನ್ನು ಹುಡುಕಿಕೊಡುವ ಚಿಕ್ಕ ಸ್ಕ್ರಿಪ್ಟೊಂದು ಕರ್ನೆಲ್ಲಿನಲ್ಲಿಯೇ ಇದೆ.

ಎಚ್ಚರಿಕೆಯ ಮಾತುಗಳು

ರಿವ್ಯೂಡ್-ಬೈ ಎಂದು ಹೆಸರು ಕೊಡುವುದು ಪ್ಯಾಚನ್ನು ಸಮಗ್ರವಾಗಿ ಪರೀಕ್ಷಿಸಿದ್ದೇನೆಂಬ ಹೇಳಿಕೆ. ನೀವು ದಾಖಲೆಯನ್ನು ಮಾತ್ರ ನೋಡಿದ್ದರೆ ಆ ಪ್ಯಾಚಿಗಷ್ಟೇ ಹೆಸರು ಕೊಡಿರಿ. ದಾಖಲೆ ಕೋಡಿನ ಪ್ಯಾಚಿನೊಳಗೇ ಇದ್ದರೆ, ದಾಖಲೆಯ ಭಾಗಕ್ಕೆ ಮಾತ್ರ ಎಂದು ಬಿಡಿಸಿ ಬರೆಯಿರಿ. ಟೀಕೆಯನ್ನು ಬರೆಯುವಾಗ, ಇದು ಸ್ಪಷ್ಟವಾಗಿಲ್ಲ ಎಂದಷ್ಟೇ ಹೇಳಿ ನಿಲ್ಲಿಸದೆ, ನಿಮಗೆ ಯಾವ ಎರಡು ಅರ್ಥಗಳು ತೋರಿದವೆಂಬುದನ್ನು ತಿಳಿಸಿ, ಸಾಧ್ಯವಾದರೆ ಬದಲಿ ವಾಕ್ಯವನ್ನೇ ಕೊಡಿರಿ. ಲೇಖಕನು ಇಂಗ್ಲಿಷಿನಲ್ಲಿ ನುರಿತವನಲ್ಲದಿದ್ದಲ್ಲಿ ಇದು ಅತ್ಯಂತ ದೊಡ್ಡ ಸಹಾಯ. ನಮ್ಮ ಕಡೆಯಿಂದ ಹೊಸದಾಗಿ ಬರುವವರು ಮೊದಲ ಪ್ಯಾಚಿನಲ್ಲಿಯೇ ಹಿಂಜರಿಯುವುದು ಕೋಡಿನ ಭಯದಿಂದಲ್ಲ, ಬರಹದ ಭಯದಿಂದ.

ಪ್ಯಾಚು ಸೇರಿದ ಮೇಲೆ ಮೇಂಟೇನರನ ಮರದಲ್ಲಿ ಆ ಕಡತವನ್ನು ಇನ್ನೊಮ್ಮೆ ತೆರೆದು ನೋಡುವುದನ್ನು ಬಿಡಬೇಡಿ. ಸೇರಿಸುವಾಗ ಬಗೆಹರಿಸಿದ ಘರ್ಷಣೆಯಲ್ಲಿ ವಿಭಾಗದ ಸಂಖ್ಯೆಯೋ ಕೇಪಬಿಲಿಟಿಯ ಸಂಖ್ಯೆಯೋ ಬದಲಾಗಿರಬಹುದು, ಒಂದು ಪ್ಯಾರಾ ಪಕ್ಕದ ಕರೆಯ ಕೆಳಕ್ಕೆ ಜಾರಿರಬಹುದು. ಬಿಡುಗಡೆಯ ಅಭ್ಯರ್ಥಿ ಆವೃತ್ತಿಗಳು ಹೊರಬರುತ್ತಿರುವ ಆ ಕೆಲವು ವಾರಗಳಲ್ಲಿ ಅದನ್ನು ತಿದ್ದಿಸುವುದಕ್ಕೆ ಒಂದು ಚಿಕ್ಕ ಪ್ಯಾಚು ಸಾಕು.